ಮತವಿಲ್ಲದ ಸೀಟಿಗೆ ಇಷ್ಟೊಂದು ಪೈಪೋಟಿ ಯಾಕೆ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಪ್ರತಿನಿಧಿ ಎಲಿನೋರ್ ಹೋಮ್ಸ್ ನಾರ್ಟನ್ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು 2026ರ ಜನವರಿಯಲ್ಲಿ ಗೊತ್ತಾಯಿತು. ಅವರಿಗೆ ಆಗ 88 ವರ್ಷ. 1990ರಲ್ಲಿ ಮೊದಲ ಸಲ ಗೆದ್ದವರು, ಆಮೇಲೆ ಎರಡು ವರ್ಷಕ್ಕೊಮ್ಮೆ ಬರುವ ಆ ಚುನಾವಣೆಯನ್ನು ಒಮ್ಮೆಯೂ ಸೋತಿಲ್ಲ. ಅವರು ಬಿಡುತ್ತೇನೆ ಎನ್ನುವ ಮೊದಲೇ ಆ ಸೀಟಿಗೆ ಟವೆಲ್ ಹಾಕಿದವರಿದ್ದರು. ವಾಷಿಂಗ್ಟನ್ ನಗರದ ಕೌನ್ಸಿಲ್‌ ಸದಸ್ಯರಾದ ರಾಬರ್ಟ್ ವೈಟ್ ಮತ್ತು ಬ್ರೂಕ್ ಪಿಂಟೋ ಇಬ್ಬರೂ 2025ರಲ್ಲೇ ಕಣಕ್ಕಿಳಿಯುವುದಾಗಿ ಹೇಳಿಬಿಟ್ಟಿದ್ದರು.

ಅದು ಯಾವ ಸೀಟು? ಅಮೆರಿಕದ ಸಂಸತ್ತಿನ ಕೆಳಮನೆ, ಅಂದರೆ ಹೌಸ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಗೆ ಇರುವ ಡೆಲಿಗೇಟ್ ಸೀಟು. ಸಂಬಳ ಉಳಿದ ಸದಸ್ಯರಷ್ಟೇ, ವರ್ಷಕ್ಕೆ 1,74,000 ಡಾಲರ್. ಕಚೇರಿ ಇದೆ, ಸಿಬ್ಬಂದಿ ಇದ್ದಾರೆ. ಸದನದಲ್ಲಿ ಮಾತಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಗಳಲ್ಲಿ ಕೂತು ಅಲ್ಲಿ ಮತವನ್ನೂ ಹಾಕಬಹುದು. ಆದರೆ ಮಸೂದೆ ಪಾಸಾಗಬೇಕೋ ಬೇಡವೋ ಎಂದು ಇಡೀ ಸದನ ಮತ ಹಾಕುವಾಗ ಇವರು ಸುಮ್ನೆ ಕೂರಬೇಕು. ನಾವು ಚಿಕ್ಕವರಿದ್ದಾಗ ಚಿನ್ನಿದಾಂಡು ಆಡುವಾಗ, ನಾನೂ ಬರ್ತೀನಿ ಎಂದು ಅಳುವ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಹಾಗೆ. ವ್ಯತ್ಯಾಸ ಒಂದೇ. ಇಲ್ಲಿ ಆ ಪುಟ್ಟ ತಮ್ಮನ ಬೆನ್ನಿಗೆ ಸುಮಾರು ಏಳು ಲಕ್ಷ ಜನ ಇದ್ದಾರೆ.

ಹಾಗಾದರೆ ಈ ಚುನಾವಣೆ ಬರೀ ನಾಟಕ ಅಲ್ವಾ ಎಂದು ಯಾರಾದರೂ ಕೇಳಬಹುದು. ನನಗೆ ಹಾಗನಿಸುವುದಿಲ್ಲ. ನನ್ನ ಪ್ರಕಾರ, ಮತ ಇರುವ ಸದಸ್ಯನನ್ನು ಆರಿಸುವಾಗ ಯೋಚಿಸುವುದಕ್ಕಿಂತ ಜಾಸ್ತಿ, ಮತ ಇಲ್ಲದವರನ್ನು ಆರಿಸುವಾಗ ಯೋಚಿಸಬೇಕು. ಮತ ಇರುವವನು ಎಷ್ಟೇ ಸೋಮಾರಿಯಾಗಿರಲಿ, ನಾಲ್ಕು ಮಾತು ಆಡಲು ಬಾರದವನಾಗಿರಲಿ, ಮತಕ್ಕೆ ಹಾಕುವ ಹೊತ್ತಿಗೆ ಬಂದು ಗುಂಡಿ ಒತ್ತಿದರೆ ಅವನ ಕ್ಷೇತ್ರದ ಲೆಕ್ಕ ಬಿತ್ತು. ಒಂದೆರಡು ಮತ ಕಡಿಮೆ ಬಿದ್ದ ದಿನ ಪಕ್ಷದ ದೊಡ್ಡವರೇ ಅವನನ್ನು ಹುಡುಕಿಕೊಂಡು ಬರುತ್ತಾರೆ, ನಿನ್ನ ಊರಿಗೆ ಏನು ಬೇಕಪ್ಪಾ ಎಂದು ಕೇಳುತ್ತಾರೆ. ಮತ ಇಲ್ಲದವರ ಬಾಗಿಲಿಗೆ ಯಾರೂ ಬರುವುದಿಲ್ಲ. ಇವರೇ ಹೋಗಬೇಕು. ಕಾಲು, ಬಾಯಿ, ಗುರುತು ಪರಿಚಯ, ಇಷ್ಟೇ ಇವರ ಬಂಡವಾಳ.

ಇಂಥವರು ಅಮೆರಿಕದ ಹೌಸ್‌ನಲ್ಲಿ ಒಟ್ಟು ಆರು ಜನ. ಡಿ.ಸಿ. ಬಿಟ್ಟರೆ ಉಳಿದ ಐವರು ದ್ವೀಪಗಳಿಂದ ಬರುವವರು: ಪೋರ್ಟೊ ರಿಕೊ, ಗುವಾಮ್, ಅಮೆರಿಕನ್ ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ ದ್ವೀಪಗಳು. ಪೋರ್ಟೊ ರಿಕೊದವರಿಗೆ ಮಾತ್ರ ರೆಸಿಡೆಂಟ್ ಕಮಿಷನರ್ ಎಂಬ ಬೇರೆ ಹೆಸರು, ಅವಧಿಯೂ ನಾಲ್ಕು ವರ್ಷ. ಹೌಸ್‌ನಲ್ಲಿ ಉಳಿದ ಯಾರಿಗೂ ಅಷ್ಟು ಅವಧಿ ಇಲ್ಲ. ಮತ ಇಲ್ಲದವರಿಗೇ ಜಾಸ್ತಿ ಅವಧಿ, ಇದೊಂಥರಾ ತಮಾಷೆ. 2020ರ ಜನಗಣತಿ ಪ್ರಕಾರ ಪೋರ್ಟೊ ರಿಕೊದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಇದ್ದರು. ರಾಜ್ಯ ಆಗಿದ್ದರೆ ನಾಲ್ಕು ಸೀಟು ಸಿಗಬಹುದಾದ ಜಾಗ. ಆ ಕಡೆ ಉತ್ತರ ಮರಿಯಾನಾದಲ್ಲಿ ಇದ್ದದ್ದು ಬರೀ 47 ಸಾವಿರ ಜನ. ಇಬ್ಬರಿಗೂ ಒಂದೊಂದೇ ಸೀಟು, ಇಬ್ಬರಿಗೂ ಮತ ಇಲ್ಲ.

ಕಾರಣ ಸಂವಿಧಾನದಲ್ಲೇ ಇದೆ. ಹೌಸ್‌ನ ಸದಸ್ಯರನ್ನು ರಾಜ್ಯಗಳ ಜನ ಆರಿಸಬೇಕು ಎಂದು ಅಲ್ಲಿ ಬರೆದಿದೆ. ರಾಜ್ಯ ಅಲ್ಲದಿದ್ದರೆ ಸದಸ್ಯ ಇಲ್ಲ, ಅಷ್ಟೇ. ರಾಜಧಾನಿಯನ್ನು ಯಾವ ರಾಜ್ಯಕ್ಕೂ ಸೇರಿಸದೆ ಪ್ರತ್ಯೇಕ ಇಡಬೇಕೆಂಬ ಯೋಚನೆಗೂ ಒಂದು ಹಿನ್ನೆಲೆ ಇದೆ. 1783ರಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸಭೆ ಸೇರಿದ್ದ ಕಟ್ಟಡವನ್ನು ಮುತ್ತಿದರು. ಪೆನ್ಸಿಲ್ವೇನಿಯಾ ಸರ್ಕಾರ ರಕ್ಷಣೆಗೆ ಬರಲಿಲ್ಲ. ಯಾವುದೋ ಒಂದು ರಾಜ್ಯದ ಮರ್ಜಿಯಲ್ಲಿ ಕೂತರೆ ಹೀಗೇ ಆಗುವುದು ಎಂದುಕೊಂಡು, ಆಮೇಲೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಿಂದ ಜಾಗ ತೆಗೆದುಕೊಂಡು ಹೊಸ ರಾಜಧಾನಿ ಮಾಡಿದರು. 1801ರಲ್ಲಿ ಆ ಜಾಗದ ಆಡಳಿತ ಪೂರ್ತಿಯಾಗಿ ಕಾಂಗ್ರೆಸ್ ಕೈಗೆ ಬಂತು. ಅಲ್ಲಿದ್ದ ಜನ ಅಲ್ಲಿಯವರೆಗೆ ತಮ್ಮ ಹಳೆ ರಾಜ್ಯದ ಚುನಾವಣೆಯಲ್ಲಿ ಮತ ಹಾಕುತ್ತಿದ್ದರು. ಅದೂ ಹೋಯಿತು. ವರ್ಜೀನಿಯಾ ಕೊಟ್ಟ ಭಾಗ 1846ರಲ್ಲಿ ವಾಪಸ್ ಹೋಯಿತು, ಮೇರಿಲ್ಯಾಂಡ್ ಕೊಟ್ಟ ಭಾಗ ಇವತ್ತಿನ ಡಿ.ಸಿ.

ನಮ್ಮ ದೆಹಲಿಯೂ ಪೂರ್ತಿ ರಾಜ್ಯ ಅಲ್ಲ, ಪೊಲೀಸರು ಅಲ್ಲೂ ಕೇಂದ್ರದ ಕೈಯಲ್ಲೇ. ಆದರೂ ದೆಹಲಿಯಿಂದ ಲೋಕಸಭೆಗೆ 7, ರಾಜ್ಯಸಭೆಗೆ 3 ಸದಸ್ಯರು ಹೋಗುತ್ತಾರೆ, ಎಲ್ಲರಿಗೂ ಮತ ಇದೆ. ಮತ ಇಲ್ಲದ ಸದಸ್ಯರನ್ನು ನಾವು ಕಾಣುವುದು ಊರಿನ ಪುರಸಭೆ, ನಗರಸಭೆಯಲ್ಲಿ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಸಭೆಗೆ ಬರುತ್ತಾರೆ, ಮಾತಾಡುತ್ತಾರೆ, ಮತ ಹಾಕುವಂತಿಲ್ಲ. ಸಂವಿಧಾನದ 243ಆರ್ ವಿಧಿಯೇ ಹಾಗೆ ಹೇಳುತ್ತದೆ. ಅದು ಸರಿಯೂ ಹೌದು, ಅವರನ್ನು ಯಾರೂ ಆರಿಸಿರುವುದಿಲ್ಲ. ವಾಷಿಂಗ್ಟನ್ನಿನಲ್ಲಿ ಉಲ್ಟಾ. ಮನೆಮನೆ ತಿರುಗಿ, ದುಡ್ಡು ಖರ್ಚು ಮಾಡಿ, ಲಕ್ಷಾಂತರ ಮತ ತೆಗೆದುಕೊಂಡು ಗೆದ್ದು ಬಂದವರಿಗೆ ಮತ ಇಲ್ಲ.

ಇದು ಹತ್ತಿರದಿಂದ ಹೇಗೆ ಕಾಣುತ್ತದೆ ನೋಡಬೇಕಾದರೆ ವೆಸ್ಟರ್ನ್ ಅವೆನ್ಯೂ ಎಂಬ ರಸ್ತೆಗೆ ಹೋಗಬೇಕು. ಡಿ.ಸಿ.ಗೂ ಮೇರಿಲ್ಯಾಂಡಿಗೂ ಅದೇ ಗಡಿ. ರಸ್ತೆಯ ಈ ಬದಿ ಒಂದು ಮನೆ, ಆ ಬದಿ ಒಂದು ಮನೆ. ಎರಡೂ ಮನೆಯವರು ಕೇಂದ್ರಕ್ಕೆ ಕಟ್ಟುವ ಆದಾಯ ತೆರಿಗೆಯ ನಿಯಮ ಒಂದೇ. ಆ ಬದಿಯವರಿಗೆ ಹೌಸ್‌ನಲ್ಲಿ ಮತ ಹಾಕುವ ಒಬ್ಬ ಸದಸ್ಯ, ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರು. ಈ ಬದಿಯವರಿಗೆ ಒಬ್ಬ ಡೆಲಿಗೇಟ್, ಸೆನೆಟ್‌ನಲ್ಲಿ ಯಾರೂ ಇಲ್ಲ. ಆ ಭಾಗದ ನಮ್ಮ ಕನ್ನಡಿಗರಿಗೆ ಕಾವೇರಿ ಕನ್ನಡ ಸಂಘ ಇದೆ. ಮೇರಿಲ್ಯಾಂಡಿನವರು, ವರ್ಜೀನಿಯಾದವರು, ಡಿ.ಸಿ.ಯವರು ಎಲ್ಲರೂ ಅದರಲ್ಲಿ ಸೇರುತ್ತಾರೆ. ಯುಗಾದಿ ಊಟಕ್ಕೆ ಒಂದೇ ಸಾಲಿನಲ್ಲಿ ಕೂತು ಒಂದೇ ಹೋಳಿಗೆ ತಿನ್ನುವ ಮೂವರಲ್ಲಿ, ಮೂವರೂ ಅಮೆರಿಕದ ಪೌರರೇ ಆಗಿದ್ದರೂ, ಇಬ್ಬರಿಗೆ ಪೂರ್ತಿ ಪ್ರಾತಿನಿಧ್ಯ, ಒಬ್ಬರಿಗೆ ಅರ್ಧಂಬರ್ಧ. ಮನೆ ಬಾಡಿಗೆಗೆ ಹಿಡಿದ ಬೀದಿ ಯಾವುದು ಅನ್ನುವುದರ ಮೇಲೆ ಅದು ನಿಂತಿದೆ.

2020ರ ಲೆಕ್ಕದಲ್ಲಿ ಡಿ.ಸಿ.ಯ ಜನಸಂಖ್ಯೆ 6,89,545. ವಯೋಮಿಂಗ್‌ನಲ್ಲಿ 5,76,851, ವರ್ಮಾಂಟ್‌ನಲ್ಲಿ 6,43,077. ಈ ಎರಡೂ ರಾಜ್ಯಗಳಿಗೆ ಇಬ್ಬಿಬ್ಬರು ಸೆನೆಟರ್‌ಗಳು, ಮತ ಇರುವ ಒಬ್ಬೊಬ್ಬ ಹೌಸ್ ಸದಸ್ಯರು. ಡಿ.ಸಿ. ಜನಕ್ಕೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದೇ 1961ರ 23ನೇ ತಿದ್ದುಪಡಿಯಿಂದ. ಈ ಡೆಲಿಗೇಟ್ ಸೀಟು ಬಂದದ್ದು 1970ರ ಕಾನೂನಿನಿಂದ. ತಮ್ಮದೇ ಮೇಯರ್, ಕೌನ್ಸಿಲ್ ಆರಿಸುವ ಹಕ್ಕು ಬಂದದ್ದು 1973ರ ಹೋಮ್ ರೂಲ್ ಕಾನೂನಿನಿಂದ. ಆ ಊರಿನ ಕಾರುಗಳ ನಂಬರ್ ಪ್ಲೇಟಿನ ಮೇಲೆ 2000ದಿಂದ 'ಪ್ರಾತಿನಿಧ್ಯ ಇಲ್ಲದೆ ತೆರಿಗೆ' ಎಂಬ ಅರ್ಥದ ಸಾಲು ಇದೆ. ಬ್ರಿಟಿಷರ ವಿರುದ್ಧ ಅಮೆರಿಕನ್ನರು ಕೂಗಿದ ಘೋಷಣೆಯೇ ಅದು. ಕ್ಲಿಂಟನ್ ತಮ್ಮ ಅವಧಿಯ ಕೊನೆಯಲ್ಲಿ ಆ ಪ್ಲೇಟನ್ನು ಅಧ್ಯಕ್ಷರ ಕಾರಿಗೆ ಹಾಕಿಸಿದರು, ಬುಷ್ ಬಂದು ತೆಗೆಸಿದರು, ಒಬಾಮಾ 2013ರಲ್ಲಿ ಮತ್ತೆ ಹಾಕಿಸಿದರು. ಕಾರಿನ ಪ್ಲೇಟು ಬದಲಾಯಿತು, ಸದನದ ನಿಯಮ ಬದಲಾಗಲಿಲ್ಲ.

ಇನ್ನು ಮತ ಇಲ್ಲದ್ದು ಎಲ್ಲಿ ಚುಚ್ಚುತ್ತದೆ? 2023ರ ಫೆಬ್ರವರಿ 9. ಡಿ.ಸಿ. ಕೌನ್ಸಿಲ್ ವರ್ಷಗಟ್ಟಲೆ ಕೂತು ತನ್ನ ಅಪರಾಧ ಸಂಹಿತೆಯನ್ನು ಹೊಸದಾಗಿ ಬರೆದಿತ್ತು. ಹೋಮ್ ರೂಲ್ ಇದ್ದರೂ, ಕೌನ್ಸಿಲ್ ಮಾಡಿದ ಕಾನೂನನ್ನು ಕಾಂಗ್ರೆಸ್ ತಳ್ಳಿಹಾಕಬಹುದು. ಅವತ್ತು ಹೌಸ್‌ನಲ್ಲಿ ಅದಕ್ಕೆ ಮತದಾನ ಆಯಿತು. 250 ಜನ ತಳ್ಳಿಹಾಕಿ ಎಂದರು, 173 ಜನ ಬೇಡ ಎಂದರು. ಮಾರ್ಚ್‌ನಲ್ಲಿ ಸೆನೆಟ್ 81–14ರಲ್ಲಿ ಒಪ್ಪಿತು, ಬೈಡನ್ ಸಹಿ ಹಾಕಿದರು. ಆ ಸಂಹಿತೆ ಒಳ್ಳೆಯದೋ ಕೆಟ್ಟದೋ ಬೇರೆ ಚರ್ಚೆ, ನಗರದ ಮೇಯರ್ ಅವರೇ ಅದನ್ನು ಪೂರ್ತಿ ಒಪ್ಪಿರಲಿಲ್ಲ. ನಾನು ಹೇಳುತ್ತಿರುವುದು ಇಷ್ಟು: ಕಾನೂನು ಅನ್ವಯಿಸುವುದು ಒಂದೇ ಊರಿಗೆ. ದೇಶದ ಎಲ್ಲ ರಾಜ್ಯಗಳ ಸದಸ್ಯರೂ ಅದರ ಮೇಲೆ ಮತ ಹಾಕಬಹುದು. ಆ ಊರಿನವರು ಆರಿಸಿ ಕಳಿಸಿದ ಒಬ್ಬರು ಮಾತ್ರ ಹಾಕುವ ಹಾಗಿಲ್ಲ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಡೆಟ್ರಾಯಿಟ್ ಕಡೆಯಿಂದ ಗೆದ್ದು ಅದೇ ಜನವರಿಯಲ್ಲಿ ಹೌಸ್‌ಗೆ ಬಂದಿದ್ದರು. ಒಂದೇ ತಿಂಗಳ ಹಿಂದೆ ಬಂದ ಅವರಿಗೆ ವಾಷಿಂಗ್ಟನ್ನಿನ ಕಾನೂನಿನ ಮೇಲೆ ಮತ ಇತ್ತು. ಮೂವತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದ ನಾರ್ಟನ್ ಅವರಿಗೆ ಇರಲಿಲ್ಲ.

ಡೆಲಿಗೇಟ್‌ಗಳಿಗೆ ಸದನದಲ್ಲಿ ಮತ ಕೊಡುವ ಒಂದು ಪ್ರಯತ್ನ ಆಗಿತ್ತು, ಅದರ ಕಥೆ ಸ್ವಲ್ಪ ವಿಚಿತ್ರ. ಹೌಸ್ ದೊಡ್ಡ ಮಸೂದೆಗಳ ತಿದ್ದುಪಡಿ ಚರ್ಚಿಸುವಾಗ ಇಡೀ ಸದನವೇ ಒಂದು ಸಮಿತಿ ಎಂದು ತನ್ನನ್ನು ತಾನು ಕರೆದುಕೊಳ್ಳುತ್ತದೆ. ಅದೇ ಕೋಣೆ, ಅದೇ ಜನ, ಹೆಸರು ಮಾತ್ರ ಸಮಿತಿ. ಸಮಿತಿಗಳಲ್ಲಿ ನಮಗೆ ಮತ ಇದೆ ಅಂದಮೇಲೆ ಈ ಸಮಿತಿಯಲ್ಲೂ ಇರಬೇಕಲ್ಲ ಎಂದು ನಾರ್ಟನ್ ವಾದ ಹೂಡಿದರು. ಅವರು ಮೂಲತಃ ವಕೀಲರು, ನಾಗರಿಕ ಹಕ್ಕುಗಳ ಚಳವಳಿಯಿಂದ ಬಂದವರು. ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮತ ಇದ್ದ 1993ರಲ್ಲಿ ನಿಯಮ ಬದಲಾಯಿತು, ಡೆಲಿಗೇಟ್‌ಗಳಿಗೆ ಅಲ್ಲಿ ಮತ ಬಂತು. ಆದರೆ ಒಂದು ಷರತ್ತು ಹಾಕಿದರು. ಡೆಲಿಗೇಟ್‌ಗಳ ಮತದಿಂದಲೇ ಫಲಿತಾಂಶ ಬದಲಾಗಿದೆ ಎಂದು ಕಂಡರೆ ಕೂಡಲೇ ಅವರನ್ನು ಬಿಟ್ಟು ಮತ್ತೊಮ್ಮೆ ಮತ ಹಾಕಬೇಕು. ಅಂದರೆ ನಿಮ್ಮ ಮತ ಎಣಿಸುತ್ತೇವೆ, ಅದರಿಂದ ಏನೂ ಬದಲಾಗದಿದ್ದರೆ ಮಾತ್ರ! ರಿಪಬ್ಲಿಕನ್ನರು ಇದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟಿಗೆ ಹೋದರು. ಕೋರ್ಟು 1994ರಲ್ಲಿ ನಿಯಮವನ್ನು ಎತ್ತಿಹಿಡಿಯಿತು, ಅದೂ ಆ ಷರತ್ತು ಇದ್ದದ್ದರಿಂದಲೇ. ಮತಕ್ಕೆ ಬಲ ಇಲ್ಲ, ಹಾಗಾಗಿ ತಪ್ಪಿಲ್ಲ.

ಆ ಅಷ್ಟೂ ಉಳಿಯಲಿಲ್ಲ. 1995ರಲ್ಲಿ ರಿಪಬ್ಲಿಕನ್ನರು ಬಂದು ತೆಗೆದರು. 2007ರಲ್ಲಿ ಡೆಮಾಕ್ರಟರು ಬಂದು ಕೊಟ್ಟರು. 2011ರಲ್ಲಿ ಹೋಯಿತು, 2019ರಲ್ಲಿ ಮತ್ತೆ ಬಂತು. ಬಾಡಿಗೆ ಮನೆಯ ನಲ್ಲಿ ನೀರಿನ ಹಾಗೆ, ಮಾಲೀಕರು ತಿರುಗಿಸಿದಾಗ ಬರುವುದು, ನಿಲ್ಲಿಸಿದಾಗ ನಿಲ್ಲುವುದು. ಡಿ.ಸಿ. ಮತದಾರರು ಯಾರನ್ನು ಗೆಲ್ಲಿಸಿದರು, ಎಷ್ಟು ಅಂತರದಿಂದ ಗೆಲ್ಲಿಸಿದರು ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವರ ಪ್ರತಿನಿಧಿಗೆ ಎಷ್ಟು ಅಧಿಕಾರ ಇರಬೇಕು ಎಂದು ತೀರ್ಮಾನಿಸುವವರು ಒಹಾಯೊ, ಟೆಕ್ಸಸ್, ಕ್ಯಾಲಿಫೋರ್ನಿಯಾದ ಮತದಾರರು.

ಇಂಥ ಸೀಟು ಶುರುವಾದದ್ದು ಬೇರೆ ಉದ್ದೇಶಕ್ಕೆ. 1794ರಲ್ಲಿ ಜೇಮ್ಸ್ ವೈಟ್ ಎಂಬವರು ಮುಂದೆ ಟೆನ್ನೆಸ್ಸೀ ರಾಜ್ಯವಾದ ಪ್ರದೇಶದಿಂದ ಮೊದಲ ಡೆಲಿಗೇಟ್ ಆಗಿ ಬಂದರು. ಇವತ್ತಲ್ಲ ನಾಳೆ ರಾಜ್ಯ ಆಗುವ ಜಾಗ, ಅಲ್ಲಿಯವರೆಗೆ ಜಗಲಿಯಲ್ಲಿ ಕೂತಿರಿ, ಆಮೇಲೆ ಒಳಗೆ ಕರೆಯುತ್ತೇವೆ ಎಂಬ ಲೆಕ್ಕ. ಟೆನ್ನೆಸ್ಸೀ ಎರಡೇ ವರ್ಷದಲ್ಲಿ ಒಳಗೆ ಹೋಯಿತು. ಹವಾಯಿಯ ರಾಜಮನೆತನದ ಜೋನಾ ಕುಹಿಯೊ 1903ರಿಂದ ಸಾಯುವವರೆಗೂ ಡೆಲಿಗೇಟ್ ಆಗಿದ್ದರು. 1919ರಲ್ಲಿ ಹವಾಯಿಯನ್ನು ರಾಜ್ಯ ಮಾಡಿ ಎಂಬ ಮಸೂದೆ ತಂದವರು ಅವರೇ. ಹವಾಯಿ ರಾಜ್ಯವಾದದ್ದು 1959ರಲ್ಲಿ. ಜಗಲಿಯಲ್ಲಿ ಕೂತು ಕೂತು ಸಾಕಾಗುವಷ್ಟು ಕಾಲ, ಆದರೂ ಕೊನೆಗೆ ಬಾಗಿಲು ತೆರೆಯಿತು. 1898ರ ಯುದ್ಧದ ನಂತರ ಅಮೆರಿಕದ ಕೈಗೆ ಬಂದ ಪೋರ್ಟೊ ರಿಕೊ, ಗುವಾಮ್‌ನಂಥ ದ್ವೀಪಗಳಿಗೆ ಆ ಭರವಸೆಯೂ ಇಲ್ಲ. ಇವು ಅಮೆರಿಕಕ್ಕೆ ಸೇರಿದವು, ಆದರೆ ಅಮೆರಿಕದ ಪೂರ್ತಿ ಭಾಗ ಅಲ್ಲ ಎಂಬ ಅರ್ಥದಲ್ಲಿ 1901ರಿಂದ ಸುಪ್ರೀಂ ಕೋರ್ಟ್ ತೀರ್ಪು ಕೊಡುತ್ತಾ ಬಂತು. ಅಮೆರಿಕನ್ ಸಮೋವಾದಲ್ಲಂತೂ ಹುಟ್ಟಿದರೆ ಪೌರತ್ವವೂ ತಾನಾಗಿ ಬರುವುದಿಲ್ಲ.

2025ರ ಜನವರಿ 3ರಂದು ಸ್ಪೀಕರ್ ಆಯ್ಕೆ ನಡೆಯುತ್ತಿತ್ತು. ಗುಮಾಸ್ತರು ಒಂದೊಂದೇ ಹೆಸರು ಕರೆಯುತ್ತಾರೆ, ಸದಸ್ಯರು ಎದ್ದು ತಮ್ಮ ಆಯ್ಕೆ ಕೂಗಿ ಹೇಳುತ್ತಾರೆ. ಹೆಸರು ಕರೆದು ಮುಗಿದ ಮೇಲೆ ವರ್ಜಿನ್ ದ್ವೀಪಗಳ ಡೆಲಿಗೇಟ್ ಸ್ಟೇಸಿ ಪ್ಲಾಸ್ಕೆಟ್ ಎದ್ದು ನಿಂತರು. ಆರೂ ಜಾಗಗಳ ಹೆಸರು ಹೇಳಿ, ಇವರನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು, ಪೀಠದಿಂದ ಬಂದದ್ದೂ ಅದೇ: ನಿಮಗೆ ಸ್ಪೀಕರ್ ಆಯ್ಕೆಯಲ್ಲಿ ಮತ ಇಲ್ಲ. ಈ ದೇಶಕ್ಕೆ ಒಂದು ವಸಾಹತು ಸಮಸ್ಯೆ ಇದೆ ಎಂಬ ಅರ್ಥದಲ್ಲಿ ಅವರು ಮಾತು ಮುಂದುವರಿಸುತ್ತಿದ್ದ ಹಾಗೆ ಮೈಕ್ ನಿಂತುಹೋಯಿತು. ಹಲವರು ಎದ್ದು ಚಪ್ಪಾಳೆ ಹೊಡೆದರು. ಇದೇ ಪ್ಲಾಸ್ಕೆಟ್ 2021ರಲ್ಲಿ ಟ್ರಂಪ್ ವಿರುದ್ಧದ ಎರಡನೇ ಮಹಾಭಿಯೋಗದಲ್ಲಿ ಹೌಸ್ ಪರವಾಗಿ ಸೆನೆಟ್ ಮುಂದೆ ವಾದ ಮಂಡಿಸಿದವರಲ್ಲಿ ಒಬ್ಬರು. ಆ ಮಹಾಭಿಯೋಗಕ್ಕೆ ಹೌಸ್‌ನಲ್ಲಿ ಮತ ಹಾಕಲು ಅವರಿಗೆ ಅವಕಾಶ ಇರಲಿಲ್ಲ. ವಾದ ಮಾಡಬಹುದು, ಮತ ಹಾಕುವ ಹಾಗಿಲ್ಲ.

ಪ್ಲಾಸ್ಕೆಟ್ ಹೆಸರು ಅಷ್ಟು ಜನಕ್ಕೆ ಗೊತ್ತಾದದ್ದು ಬಾಯಿಯ ಬಲದಿಂದ. ನಾರ್ಟನ್ ಅವರ ಬಲ ಬೇರೆ ತರಹದ್ದು, ಅವರು ಎದುರು ಪಕ್ಷದಲ್ಲಿ ಜೊತೆಗಾರರನ್ನು ಹುಡುಕುತ್ತಿದ್ದರು. 1999ರ ಒಂದು ಕಾನೂನು ನೋಡಿ. ಅಮೆರಿಕದಲ್ಲಿ ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದಿದರೆ ಫೀಸು ಕಡಿಮೆ, ಬೇರೆ ರಾಜ್ಯಕ್ಕೆ ಹೋದರೆ ತುಂಬಾ ಜಾಸ್ತಿ. ಡಿ.ಸಿ.ಯ ಮಕ್ಕಳಿಗೆ ರಾಜ್ಯವೇ ಇಲ್ಲ, ಊರಲ್ಲಿರುವುದು ಒಂದೇ ಸರ್ಕಾರಿ ವಿಶ್ವವಿದ್ಯಾಲಯ. ಎಲ್ಲಿಗೆ ಹೋದರೂ ಹೊರಗಿನವರೇ. ಆ ವ್ಯತ್ಯಾಸದ ಹಣವನ್ನು, ಶುರುವಿನಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗೆ, ಕೇಂದ್ರ ಸರ್ಕಾರ ತುಂಬಿಕೊಡುವ ಹಾಗೆ ಕಾನೂನು ಬಂತು. ಆಗ ಎರಡೂ ಸದನದಲ್ಲಿ ರಿಪಬ್ಲಿಕನ್ನರ ಬಹುಮತ. ನಾರ್ಟನ್ ನದಿಯಾಚೆಯ ವರ್ಜೀನಿಯಾದ ರಿಪಬ್ಲಿಕನ್ ಸದಸ್ಯ ಟಾಮ್ ಡೇವಿಸ್ ಜೊತೆ ಸೇರಿ ಅದನ್ನು ಸಾಧಿಸಿದರು. ಮಸೂದೆಯ ಮೇಲೆ ಮುಖ್ಯ ಹೆಸರು ಡೇವಿಸ್ ಅವರದು. ಮತ ಇಲ್ಲದವರು ಕಲಿಯಬೇಕಾದ ಮೊದಲ ಪಾಠ ಅದೇ ಇರಬೇಕು: ಹೆಸರು ಅವರದಾಗಲಿ, ಕೆಲಸ ನಮ್ಮದಾಗಲಿ.

ಹಳೆ ಆರ್‌ಎಫ್‌ಕೆ ಕ್ರೀಡಾಂಗಣದ ಜಾಗದ ವಿಷಯವೂ ಹೀಗೇ. 170 ಎಕರೆಗೂ ಮಿಕ್ಕ ಆ ಜಾಗ ಕೇಂದ್ರ ಸರ್ಕಾರದ್ದು, ಕ್ರೀಡಾಂಗಣ ಪಾಳು ಬಿದ್ದಿತ್ತು. ಕೆಂಟಕಿಯ ರಿಪಬ್ಲಿಕನ್ ಸದಸ್ಯ ಜೇಮ್ಸ್ ಕೋಮರ್ ಮತ್ತು ನಾರ್ಟನ್ ಸೇರಿ ತಂದ ಮಸೂದೆಯಿಂದ ಅದು 99 ವರ್ಷಕ್ಕೆ ನಗರದ ಕೈಗೆ ಬಂತು. 2025ರ ಜನವರಿ 6ರಂದು ಬೈಡನ್ ಸಹಿ ಹಾಕಿದರು. ಕೋಮರ್ ಮತ್ತು ನಾರ್ಟನ್ ಬೇರೆ ಯಾವ ವಿಷಯದಲ್ಲೂ ಒಪ್ಪುವ ಜೋಡಿಯೇ ಅಲ್ಲ. 2023ರಲ್ಲಿ ಅಪರಾಧ ಸಂಹಿತೆಯನ್ನು ತಳ್ಳಿಹಾಕಬೇಕು ಎಂದವರ ಸಾಲಿನಲ್ಲಿ ಕೋಮರ್ ಮುಂದಿದ್ದರು. ಮತ ಇಲ್ಲದವರಿಗೆ ಇಂಥವರ ಮೇಲೆ ಮುನಿಸಿಕೊಂಡು ಕೂರುವ ಸವಲತ್ತೂ ಇಲ್ಲ.

ಅಸಲಿ ಮತ ಕೈಗೆ ಸಿಗುವ ಹಂತಕ್ಕೂ ಒಮ್ಮೆ ಬಂದಿತ್ತು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಡೇವಿಸ್ ಹೂಡಿದ ಉಪಾಯ ಅದು: ಡಿ.ಸಿ.ಗೆ ಒಂದು ಪೂರ್ತಿ ಸೀಟು, ಯೂಟಾಗೆ ಒಂದು ಹೆಚ್ಚುವರಿ ಸೀಟು. ಒಂದು ಡೆಮಾಕ್ರಟರಿಗೆ ಹೋಗುತ್ತದೆ, ಇನ್ನೊಂದು ರಿಪಬ್ಲಿಕನ್ನರಿಗೆ, ಯಾರಿಗೂ ನಷ್ಟ ಇಲ್ಲ. ಹೌಸ್ 435ರಿಂದ 437 ಆಗುತ್ತದೆ. 2009ರ ಫೆಬ್ರವರಿ 26ರಂದು ಸೆನೆಟ್ 61–37ರಲ್ಲಿ ಇದನ್ನು ಪಾಸು ಮಾಡಿತು. ಆದರೆ ಮಸೂದೆಗೆ ಒಂದು ಬಾಲ ಅಂಟಿಸಿತ್ತು. ಡಿ.ಸಿ.ಯ ಬಂದೂಕು ನಿಯಂತ್ರಣ ಕಾನೂನುಗಳಲ್ಲಿ ಬಹುಪಾಲನ್ನು ರದ್ದು ಮಾಡುವ ತಿದ್ದುಪಡಿ. ಮತ ಬೇಕಾದರೆ ನಿಮ್ಮ ಊರಿನ ಕಾನೂನು ಬಿಡಿ, ಕಾನೂನು ಬೇಕಾದರೆ ಮತ ಬಿಡಿ. ಊರಲ್ಲೇ ಎರಡು ಅಭಿಪ್ರಾಯ. ಒಂದು ವರ್ಷ ಎಳೆದಾಡಿ 2010ರ ಏಪ್ರಿಲ್‌ನಲ್ಲಿ ಹೌಸ್‌ನ ನಾಯಕರು ಮಸೂದೆಯನ್ನು ಬದಿಗಿಟ್ಟರು. ಬಂದೂಕಿನ ಆ ಬಾಲವನ್ನು ನುಂಗಿಕೊಂಡು ಮತ ತೆಗೆದುಕೊಂಡಿದ್ದರೆ ಆಗುತ್ತಿತ್ತೇ? ನನಗೆ ಅನಿಸುವುದು, ತೆಗೆದುಕೊಳ್ಳಬೇಕಿತ್ತು ಅಂತ. ಕಾನೂನನ್ನು ಮತ್ತೆ ಬರೆಯಬಹುದು, ಸೆನೆಟ್‌ನಲ್ಲಿ 61 ಮತ ಮತ್ತೆ ಸಿಗುವುದು ಕಷ್ಟ. ಇಲ್ಲಿ ಕೂತು ಹೇಳುವುದು ಸುಲಭ, ಅದೂ ಗೊತ್ತು. ಆಮೇಲೆ ಡಿ.ಸಿ.ಯನ್ನು ರಾಜ್ಯವನ್ನೇ ಮಾಡಿ ಎಂಬ ಮಸೂದೆ ಹೌಸ್‌ನಲ್ಲಿ 2020ರಲ್ಲಿ 232–180, 2021ರಲ್ಲಿ 216–208ರಲ್ಲಿ ಪಾಸಾಯಿತು. ಎರಡು ಸಲವೂ ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ.

2025 ಬಂತು, ಡಿ.ಸಿ.ಗೆ ಒಂದರ ಮೇಲೊಂದು ಪೆಟ್ಟು. ಮಾರ್ಚ್‌ನಲ್ಲಿ ಕೇಂದ್ರದ ಖರ್ಚಿನ ಮಸೂದೆಯಲ್ಲಿ ಡಿ.ಸಿ. ತನ್ನದೇ ಬಜೆಟ್ ಪ್ರಕಾರ ಖರ್ಚು ಮಾಡಬಹುದು ಎಂದು ಎಂದಿನಂತೆ ಇರುತ್ತಿದ್ದ ಸಾಲು ಬಿಟ್ಟುಹೋಯಿತು. ಪರಿಣಾಮವಾಗಿ ವರ್ಷದ ಮಧ್ಯದಲ್ಲೇ ನಗರದ ಬಜೆಟ್ಟಿನಲ್ಲಿ ಸುಮಾರು 100 ಕೋಟಿ ಡಾಲರ್ ಕಡಿತ ಮಾಡಬೇಕಾದ ಸ್ಥಿತಿ. ಅದು ಬಹುಪಾಲು ಅಲ್ಲಿನ ಜನ ಕಟ್ಟಿದ ಸ್ಥಳೀಯ ತೆರಿಗೆಯ ಹಣ, ಕೇಂದ್ರದ ದುಡ್ಡಲ್ಲ. ಸೆನೆಟ್ ಅದನ್ನು ಸರಿಪಡಿಸುವ ಮಸೂದೆಯನ್ನು ಪಾಸು ಮಾಡಿ ಕಳಿಸಿತು, ಹೌಸ್ ಅದನ್ನು ಮತಕ್ಕೇ ಹಾಕಲಿಲ್ಲ. ಆಗಸ್ಟ್ 11ಕ್ಕೆ ಟ್ರಂಪ್ ಹೋಮ್ ರೂಲ್ ಕಾನೂನಿನ 740ನೇ ಸೆಕ್ಷನ್ ಬಳಸಿ ನಗರದ ಪೊಲೀಸರನ್ನು 30 ದಿನದ ಮಟ್ಟಿಗೆ ತಮ್ಮ ಕೈಗೆ ತೆಗೆದುಕೊಂಡರು, ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆ ಬೀದಿಗಿಳಿಯಿತು. ರಾಜ್ಯಗಳಲ್ಲಾದರೆ ಗಾರ್ಡ್ ಮಾಮೂಲಿಯಾಗಿ ಗವರ್ನರ್ ಮಾತು ಕೇಳುತ್ತದೆ. ಡಿ.ಸಿ.ಯಲ್ಲಿ ಗವರ್ನರ್ ಎಲ್ಲಿ?

ನಾರ್ಟನ್ ಅವರ ವಯಸ್ಸಿನ ಮಾತು ಜೋರಾದದ್ದು ಆ ಬೇಸಿಗೆಯಲ್ಲೇ. ಹಳೆಯ ಸಂಗಾತಿಗಳೇ ಬಹಿರಂಗವಾಗಿ, ಇನ್ನು ಸಾಕು, ಬೇರೆಯವರಿಗೆ ಬಿಡಿ ಎಂದರು. ಅಮೆರಿಕದ ಕಾಂಗ್ರೆಸ್‌ನಲ್ಲಿ ವಯಸ್ಸಾದವರಿಗೇನು ಬರ ಇಲ್ಲ. ಎಂಬತ್ತು ದಾಟಿದವರು ಬೇಕಾದಷ್ಟು ಜನ ಸೆನೆಟ್‌ನಲ್ಲೂ ಹೌಸ್‌ನಲ್ಲೂ ಇದ್ದಾರೆ, ಅವರ ಬಗ್ಗೆಯೂ ಗೊಣಗಾಟ ಇದೆ, ಆದರೆ ಗಾಲಿ ಕುರ್ಚಿಯಲ್ಲಿ ಬಂದು ಗುಂಡಿ ಒತ್ತಿದರೂ ಅವರ ಮತ ಒಂದು ಮತವೇ. ನಾರ್ಟನ್ ಅವರಿಗೆ ಆ ಅನುಕೂಲ ಇರಲಿಲ್ಲ. ಟಿವಿ ಮುಂದೆ ನಿಂತು ಜಗಳ ಆಡಬೇಕು, ಕಾರಿಡಾರಿನಲ್ಲಿ ನಿಲ್ಲಿಸಿ ಮಾತಾಡಿಸಬೇಕು, ಎದುರು ಪಕ್ಷದವರ ಕಚೇರಿಗೆ ಹತ್ತಿ ಇಳಿಯಬೇಕು. ಮತ ಇದ್ದಿದ್ದರೆ ಅವರು ಇನ್ನೊಂದು ಅವಧಿ ಇದ್ದರೂ ಊರು ಇಷ್ಟು ಕಂಗಾಲಾಗುತ್ತಿರಲಿಲ್ಲ ಎಂದು ನನಗನಿಸುತ್ತದೆ. ಸದನ ಕೊಡದ ಮತದ ಭಾರವನ್ನು ಆ ಸೀಟಿನಲ್ಲಿ ಕೂತವರ ಮೈಯೇ ಹೊರಬೇಕು.

ಚುನಾವಣೆ ಹೇಗೆ ನಡೆಯುತ್ತದೆ ಎನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಡಿ.ಸಿ. ಡೆಮಾಕ್ರಟರ ಊರು. 2024ರಲ್ಲಿ ನಾರ್ಟನ್ ಅವರಿಗೆ ಬಿದ್ದದ್ದು ಶೇ 80ರಷ್ಟು ಮತ. ಹಾಗಾಗಿ ನಿಜವಾದ ಕುಸ್ತಿ 2026ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದೊಳಗಿನ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲೇ, ನವೆಂಬರ್ 3ರದ್ದು ಹೆಚ್ಚುಕಡಿಮೆ ಶಾಸ್ತ್ರಕ್ಕೆ. ಆ ಪ್ರೈಮರಿಯಲ್ಲಿ ಮತ ಹಾಕಲು ಪಕ್ಷದ ಹೆಸರಲ್ಲಿ ನೋಂದಾಯಿಸಿರಬೇಕು. ಒಬ್ಬರಿಗೇ ಗುರುತು ಹಾಕುವ ಬದಲು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಮತ ಹಾಕುವ ಪದ್ಧತಿಗೂ ಅಲ್ಲಿನ ಜನ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ.

ಅದೇ ಮತಪತ್ರದಲ್ಲಿ ನಮ್ಮವರಿಗೆ ಸಂಬಂಧಪಟ್ಟ ಇನ್ನೊಂದು ಗೋಜಲಿದೆ. ಪೌರರಲ್ಲದ ನಿವಾಸಿಗಳೂ ನಗರದ ಚುನಾವಣೆಯಲ್ಲಿ ಮತ ಹಾಕಬಹುದು ಎಂದು ಡಿ.ಸಿ. ಕೌನ್ಸಿಲ್ 2022ರಲ್ಲಿ ಕಾನೂನು ಮಾಡಿತು. ಎಚ್-1ಬಿ ವೀಸಾದಲ್ಲಿ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಹೋಗಿ ಅಲ್ಲಿ ಮನೆ ಮಾಡಿದವರೂ ಮೇಯರ್‌ಗೆ, ಕೌನ್ಸಿಲ್‌ಗೆ ಮತ ಹಾಕುವ ಹಾಗಾಯಿತು. ಡೆಲಿಗೇಟ್ ಚುನಾವಣೆಗೆ ಮಾತ್ರ ಇಲ್ಲ, ಅದು ಕೇಂದ್ರದ ಚುನಾವಣೆ. ಈ ಕಾನೂನನ್ನೂ ತಳ್ಳಿಹಾಕಬೇಕೆಂದು ಹೌಸ್ ಮತ ಹಾಕಿತು, 260–162. ದಿನ ಯಾವುದು ಗೊತ್ತೇ? ಅದೇ 2023ರ ಫೆಬ್ರವರಿ 9. ಸೆನೆಟ್ ಕೈ ಹಾಕಲಿಲ್ಲವಾದ್ದರಿಂದ ಕಾನೂನು ಉಳಿದು ಜಾರಿಗೆ ಬಂತು. ನಾರ್ಟನ್ ಅವತ್ತು ಎರಡು ಸಲ ಸುಮ್ನೆ ಕೂರಬೇಕಾಯಿತು.

ನವೆಂಬರ್‌ನಲ್ಲಿ ಗೆದ್ದವರು 2027ರ ಜನವರಿಯಲ್ಲಿ ಹೊಸ ಸದನಕ್ಕೆ ಹೋಗುತ್ತಾರೆ. ಮೊದಲ ಕೆಲಸ ಸ್ಪೀಕರ್ ಆಯ್ಕೆ. ಗುಮಾಸ್ತರು ಕರೆಯುವ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಆಮೇಲೆ ಸದನದ ನಿಯಮಾವಳಿ ಮತಕ್ಕೆ ಬರುತ್ತದೆ. ಇಡೀ ಸದನದ ಸಮಿತಿಯಲ್ಲಿ ಡೆಲಿಗೇಟ್‌ಗಳಿಗೆ ಮತ ಇರಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲೇ. ಆ ನಿಯಮಾವಳಿಯ ಮೇಲೂ ಅವರಿಗೆ ಮತ ಇಲ್ಲ.